ಆಟದಲ್ಲಿ ಇಬ್ಬರು, ಅಡುಗೆಮನೆಯಲ್ಲಿ ಒಬ್ಬಳು

ಹಾಸ್ಟೆಲ್ ಖಾಲಿ ಮಾಡುವಾಗ ಸೀನಿಯರ್‌ಗಳು ಜೂನಿಯರ್‌ಗಳಿಗೆ ಆಸ್ತಿ ಬಿಟ್ಟುಹೋಗುತ್ತಾರೆ. ಬಕೆಟ್, ಹ್ಯಾಂಗರ್, ಬಟ್ಟೆ ಒಣಹಾಕುವ ಹಗ್ಗ, ಅರ್ಧ ಉಳಿದ ಉಪ್ಪಿನಕಾಯಿ ಬಾಟಲಿ. ಕಳೆದ ಜುಲೈನಲ್ಲಿ ನನ್ನ ಪಾಲಿಗೆ ಬಂದಿದ್ದು ಒಂದು ನೀಲಿ ಬಕೆಟ್, ಅದರೊಳಗೆ ಒಂದು ತೆಳ್ಳನೆಯ ಇಂಗ್ಲಿಷ್ ಕಾದಂಬರಿ. ‘ಸ್ಕ್ವಾಷ್ ಆಡೋ ಹುಡುಗಿ ಕಥೆ ಕಣೋ, ನಿಂಗೆ ಆಟ ಅಂದ್ರೆ ಇಷ್ಟ ಅಲ್ವಾ, ಓದು’ ಎಂದು ಹೇಳಿ ಅವರು ಆಟೊ ಹತ್ತಿದರು.

ಬಕೆಟ್ ಅಂದೇ ಬಳಕೆಗೆ ಬಂತು. ಪುಸ್ತಕ ಮಾತ್ರ ನಾಲ್ಕು ತಿಂಗಳು ಟ್ರಂಕಿನಲ್ಲೇ ಮಲಗಿತ್ತು. ಎರಡನೇ ಇಂಟರ್ನಲ್ಸ್‌ನ ಹಿಂದಿನ ರಾತ್ರಿ, ಓದಬೇಕಾದ್ದೊಂದನ್ನು ಬಿಟ್ಟು ಪ್ರಪಂಚದಲ್ಲಿರುವ ಬೇರೆಲ್ಲವನ್ನೂ ಓದಬೇಕು ಅನ್ನಿಸುವ ಆ ರಾತ್ರಿ, ಅದನ್ನು ತೆರೆದೆ. ಆಟದ ಕಥೆ ಎಂದರೆ ನನಗೆ ಗೊತ್ತಿದ್ದ ಫಾರ್ಮುಲಾ ಒಂದೇ. ಬಡ ಮನೆಯ ಪ್ರತಿಭೆ, ಮುಂಗೋಪಿ ಕೋಚು, ಮಳೆಯಲ್ಲಿ ಓಡುವ ಹಾಡು, ಕೊನೆಗೆ ಫೈನಲ್, ಗೆದ್ದ ಮೇಲೆ ಗ್ಯಾಲರಿಯಲ್ಲಿ ಕೂತ ಅಪ್ಪನ ಕಣ್ಣಲ್ಲಿ ನೀರು.

ಈ ಪುಸ್ತಕದಲ್ಲಿ ಅದ್ಯಾವುದೂ ಇರಲಿಲ್ಲ. ಮೊದಲ ಪುಟಗಳಲ್ಲೇ ಗೊತ್ತಾಗುವುದು ಇಷ್ಟು: ಆ ಮನೆಯಲ್ಲಿ ಈಗ ಅಮ್ಮ ಇಲ್ಲ. ರಾತ್ರಿ ಎರಡು ಗಂಟೆಗೆ ಓದಿ ಮುಗಿಸಿ, ಮೊಬೈಲ್ ತೆಗೆದು ಅಕ್ಕನ ನಂಬರನ್ನೇ ನೋಡುತ್ತ ಕೂತೆ. ಆ ಹೊತ್ತಿನಲ್ಲಿ ಫೋನ್ ಮಾಡಿದರೆ ಹೆದರುತ್ತಾಳೆ ಎಂದು ಸುಮ್ಮನಾದೆ. ಯಾಕೆ ಅಪ್ಪನ ನಂಬರ್ ಅಲ್ಲ, ಅಕ್ಕನ ನಂಬರು ಎಂದು ಹೇಳಬೇಕಾದರೆ ನಮ್ಮ ಮನೆಯ ಅಟ್ಟದಿಂದ ಶುರು ಮಾಡಬೇಕು.

ಅಟ್ಟದಿಂದ ಇಳಿದ ಬ್ಯಾಟು

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಾತು ಕಮ್ಮಿ. ಮನೆಯಲ್ಲಿ ಮಾತೆಲ್ಲ ಅಮ್ಮನದೇ. ಅಪ್ಪನಿಗೆ ಹೇಳಬೇಕಾದ್ದನ್ನು ನಾವು ಅಮ್ಮನಿಗೆ ಹೇಳುತ್ತಿದ್ದೆವು. ಅಪ್ಪ ನಮಗೆ ಹೇಳಬೇಕಾದ್ದನ್ನೂ ಅಮ್ಮನಿಗೇ ಹೇಳುತ್ತಿದ್ದರು. ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, ಸೆಪ್ಟೆಂಬರ್ ತಿಂಗಳಲ್ಲಿ, ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡಳು. ಹನ್ನೊಂದನೇ ದಿನದ ತಿಥಿ ಮುಗಿದು, ನೆಂಟರೆಲ್ಲ ಬಸ್ ಹತ್ತಿದ ಮೇಲೆ ಗೊತ್ತಾಯಿತು, ನಮ್ಮ ಮನೆಯ ಟೆಲಿಫೋನ್ ಎಕ್ಸ್‌ಚೇಂಜೇ ಮುಚ್ಚಿಹೋಗಿದೆ ಎಂದು. ಮೂವರಿಗೂ ಒಬ್ಬರ ಜತೆ ಒಬ್ಬರು ನೇರವಾಗಿ ಮಾತಾಡಿ ರೂಢಿಯೇ ಇರಲಿಲ್ಲ. ‘ಊಟ ಆಯ್ತಾ’, ‘ಕರೆಂಟ್ ಹೋಯ್ತಾ’, ‘ಹಾಲು ಬಂತಾ’. ಒಂದೂವರೆ ತಿಂಗಳು ಇಷ್ಟರಲ್ಲೇ ಕಳೆಯಿತು.

ಮದುವೆಗೆ ಮುಂಚೆ ಅಪ್ಪ ಶಟಲ್ ಚೆನ್ನಾಗಿ ಆಡುತ್ತಿದ್ದರಂತೆ. ಅಮ್ಮ ಅದನ್ನು ಹೇಳುತ್ತಿದ್ದುದು ದೂರಿನ ಧಾಟಿಯಲ್ಲಿ: ‘ಇವರಿಗೆ ಹೆಣ್ಣು ನೋಡೋಕೆ ಬರೋ ದಿನವೂ ಮ್ಯಾಚಿತ್ತಂತೆ.’ ಆ ಬ್ಯಾಟು ನಾನು ಹುಟ್ಟುವ ಮುಂಚಿನಿಂದಲೂ ಅಟ್ಟದ ಮೇಲಿತ್ತು. ನವೆಂಬರ್‌ನ ಒಂದು ಸಂಜೆ ಅಪ್ಪ ಏಣಿ ಹಾಕಿ ಅದನ್ನು ಇಳಿಸಿದರು. ಗಟ್ ಪೂರ್ತಿ ಸಡಿಲವಾಗಿತ್ತು. ಮಾರನೇ ದಿನ ಹೊಸ ಗಟ್ ಹಾಕಿಸಿಕೊಂಡು, ನನಗೂ ಒಂದು ಬ್ಯಾಟು ತಂದರು. ಹೊಸ್ತಿಲ ಮೇಲೆ ಕೂತು ಕ್ಯಾನ್ವಾಸ್ ಶೂ ಕಟ್ಟಿಕೊಳ್ಳುತ್ತ, ನನ್ನ ಕಡೆ ನೋಡದೆಯೇ ‘ಬರ್ತೀಯಾ?’ ಎಂದರು.

ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಬೀದಿಯ ಹುಡುಗರು ಸುಣ್ಣದ ಗೆರೆ ಎಳೆದು, ಎರಡು ಕಂಬಕ್ಕೆ ನೆಟ್ ಕಟ್ಟಿ, ಪಕ್ಕದ ಮನೆಯಿಂದ ವೈರ್ ಎಳೆದು ಬಲ್ಬು ಹಾಕಿದ್ದರು. ಆ ಚಳಿಗಾಲ ಪೂರ್ತಿ ನಾವಿಬ್ಬರೂ ಅಲ್ಲಿ ಆಡಿದೆವು. ಸಂಜೆ ಏಳರಿಂದ ಎಂಟೂವರೆ. ಅಪ್ಪ ಅಷ್ಟೂ ಹೊತ್ತು ಆಡುತ್ತಿದ್ದ ಮಾತು ಮೂರು: ‘ಕಾಲು’, ‘ಇನ್ನೂ ಹಿಂದೆ’, ‘ಬಿಡು, ಔಟು’. ಆದರೆ ಮನೆಯಲ್ಲಿ ಇಡೀ ದಿನ ಆಡುತ್ತಿದ್ದುದಕ್ಕಿಂತ ಅದೇ ಜಾಸ್ತಿ. ಒಂದು ದಿನ ನಾನು ಹೊಡೆದ ಕಾಕ್ ಹೋಗಿ ತೆಂಗಿನ ಗರಿಯ ನಡುವೆ ಸಿಕ್ಕಿಕೊಂಡಿತು. ಇಬ್ಬರೂ ಕತ್ತೆತ್ತಿ ನೋಡುತ್ತ ನಿಂತಿದ್ದೆವು. ಅಪ್ಪ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. ಅಮ್ಮ ಹೋದ ಮೇಲೆ ಅದೇ ಮೊದಲ ಸಲ. ಮರುಕ್ಷಣ ಬಗ್ಗಿ, ತುಂಬಾ ಹೊತ್ತು ಶೂ ಲೇಸ್ ಕಟ್ಟಿಕೊಂಡರು. ಲೇಸ್ ಬಿಚ್ಚಿರಲಿಲ್ಲ.

ಪರೀಕ್ಷೆ ಹೇಗೋ ಪಾಸಾದೆ, ಸಿಇಟಿಯಲ್ಲಿ ಸೀಟು ಸಿಕ್ಕಿತು, ಮೆಕ್ಯಾನಿಕಲ್‌ಗೆ ಸೇರಿದೆ. ಅಂದಿನಿಂದಲೂ ನನ್ನ ನಂಬಿಕೆ ಇದು: ನಮ್ಮ ಮನೆಯನ್ನು ಉಳಿಸಿದ್ದು ಶಟಲ್. ಫಸ್ಟ್ ಇಯರ್‌ನ ಪರಿಚಯ ಕಾರ್ಯಕ್ರಮದಲ್ಲಿ ಈ ಕಥೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಆ ಕಥೆಯಲ್ಲಿ ಒಂದು ಪಾತ್ರ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಇಬ್ಬರೂ ನೋಡುವುದು ಗೋಡೆಯನ್ನೇ

ಬಕೆಟ್‌ನಲ್ಲಿ ಸಿಕ್ಕ ಆ ಕಾದಂಬರಿಯ ಹೆಸರು ‘ವೆಸ್ಟರ್ನ್ ಲೇನ್’. ಬರೆದವರು ಚೇತನಾ ಮಾರೂ. ಕೀನ್ಯಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿರುವ ಭಾರತೀಯ ಮೂಲದ ಲೇಖಕಿ. 2023ರಲ್ಲಿ ಬಂದ ಇದು ಅವರ ಮೊದಲ ಕಾದಂಬರಿ. ಅದೇ ವರ್ಷ ಬೂಕರ್ ಪ್ರಶಸ್ತಿಯ ಅಂತಿಮ ಸುತ್ತಿನ ಪಟ್ಟಿಯಲ್ಲಿತ್ತು.

ಕಥೆ ಹೇಳುವವಳು ಗೋಪಿ, ಹನ್ನೊಂದು ವರ್ಷದ ಹುಡುಗಿ. ಇಂಗ್ಲೆಂಡಿನಲ್ಲಿರುವ ಗುಜರಾತಿ ಜೈನ ಕುಟುಂಬ. ಮೂವರು ಹೆಣ್ಣುಮಕ್ಕಳಲ್ಲಿ ಇವಳೇ ಕಿರಿಯವಳು. ದೊಡ್ಡವಳು ಮೋನಾ, ನಡುವಿನವಳು ಖುಷ್. ಅಮ್ಮ ತೀರಿಕೊಂಡಿದ್ದಾಳೆ. ಹೆಣ್ಣುಮಕ್ಕಳು ಕೈ ಮೀರುತ್ತಿದ್ದಾರೆ, ಇವರಿಗೆ ವ್ಯಾಯಾಮ ಬೇಕು, ಶಿಸ್ತು ಬೇಕು ಎಂದು ನೆಂಟಳೊಬ್ಬಳು ಬುದ್ಧಿ ಹೇಳುತ್ತಾಳೆ. (ಸಾವಿನ ಮನೆಗೆ ಬಂದ ನೆಂಟರು ಬುದ್ಧಿ ಹೇಳದೆ ಹೋಗುವುದು ಯಾವ ದೇಶದಲ್ಲೂ ಇಲ್ಲ ಅಂತ ಕಾಣುತ್ತದೆ.) ಅಪ್ಪ ಮಕ್ಕಳನ್ನು ‘ವೆಸ್ಟರ್ನ್ ಲೇನ್’ ಎಂಬ ಕ್ರೀಡಾ ಕೇಂದ್ರಕ್ಕೆ ಸ್ಕ್ವಾಷ್ ಆಡಲು ಕರೆದೊಯ್ಯುತ್ತಾನೆ. ದಿನಗಳೆದಂತೆ ಅಕ್ಕಂದಿರಿಬ್ಬರೂ ಹಿಂದೆ ಸರಿಯುತ್ತಾರೆ. ಆಟದಲ್ಲಿ ಉಳಿಯುವುದು ಗೋಪಿ ಮತ್ತು ಅಪ್ಪ. ಜತೆಗೆ ಗೆಡ್ ಎಂಬ ಹದಿಮೂರರ ಹುಡುಗ. ಅವನಿಗೆ ಮಾತು ತೊದಲುತ್ತದೆ. ಅಂತೂ ಮಾತು ಬರದವರೆಲ್ಲ ಒಂದು ಕೋರ್ಟಿನಲ್ಲಿ ಸೇರಿದ್ದಾರೆ.

ಲೇಖಕಿ ಕ್ರಿಕೆಟ್ಟನ್ನೋ ಟೆನಿಸ್ಸನ್ನೋ ಆರಿಸದೆ ಸ್ಕ್ವಾಷನ್ನೇ ಯಾಕೆ ಆರಿಸಿದರು ಎಂದು ಯೋಚಿಸಿದೆ. ನಮ್ಮ ಕಾಲೇಜಿನಲ್ಲಿ ಸ್ಕ್ವಾಷ್ ಕೋರ್ಟ್ ಇಲ್ಲ. ಯೂಟ್ಯೂಬ್‌ನಲ್ಲಿ ನೋಡಿ ಅರ್ಥ ಮಾಡಿಕೊಂಡೆ. ಅದು ನಾಲ್ಕು ಗೋಡೆಯೊಳಗಿನ ಆಟ. ಸುಮಾರು ಹತ್ತು ಮೀಟರ್ ಉದ್ದ, ಆರೂವರೆ ಮೀಟರ್ ಅಗಲದ ಒಂದು ಕೋಣೆ. ಟೆನಿಸ್‌ನಲ್ಲಿ, ಶಟಲ್‌ನಲ್ಲಿ ಎದುರಾಳಿ ನೆಟ್‌ನ ಆಚೆ ಇರುತ್ತಾನೆ, ಮುಖಕ್ಕೆ ಮುಖ ಕೊಟ್ಟು ಆಡಬೇಕು. ಸ್ಕ್ವಾಷ್‌ನಲ್ಲಿ ಹಾಗಿಲ್ಲ. ಇಬ್ಬರೂ ಅಕ್ಕಪಕ್ಕ ನಿಂತು ಒಂದೇ ಗೋಡೆಯನ್ನು ನೋಡುತ್ತಾರೆ. ಹೊಡೆಯುವುದು ಗೋಡೆಗೆ. ಗೋಡೆ ವಾಪಸ್ ಕೊಟ್ಟಿದ್ದನ್ನು ಇನ್ನೊಬ್ಬರು ಹೊಡೆಯುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ಗಂಡಸು, ಅಮ್ಮನನ್ನು ಕಳೆದುಕೊಂಡ ಮಗಳು ಒಬ್ಬರ ಮುಖ ಒಬ್ಬರು ನೋಡದೆ, ಆದರೂ ಒಬ್ಬರ ಪಕ್ಕ ಒಬ್ಬರು ಗಂಟೆಗಟ್ಟಲೆ ಇರಬಹುದಾದ ಜಾಗ ಇದಕ್ಕಿಂತ ಬೇರೆ ಯಾವುದಿದೆ?

ಆ ಆಟದ ಚೆಂಡಿನ ವಿಷಯವನ್ನೂ ಹೇಳಬೇಕು, ಮೆಕ್ಯಾನಿಕಲ್ ಓದುವವನಿಗೆ ಅದೇ ಖುಷಿ. ಸ್ಕ್ವಾಷ್ ಚೆಂಡು ಟೊಳ್ಳು ರಬ್ಬರಿನದು, ತೂಕ ಸುಮಾರು 24 ಗ್ರಾಂ. ತಣ್ಣಗಿರುವಾಗ ನೆಲಕ್ಕೆ ಬಿಟ್ಟರೆ ಪುಟಿಯುವುದೇ ಇಲ್ಲ, ಹಿಟ್ಟಿನುಂಡೆಯ ಹಾಗೆ ಬಿದ್ದಿರುತ್ತದೆ. ಹಾಗಾಗಿ ಪಂದ್ಯಕ್ಕೆ ಮುಂಚೆ ಇಬ್ಬರೂ ಅದನ್ನು ಹೊಡೆದು ಹೊಡೆದು ಬಿಸಿ ಮಾಡುತ್ತಾರೆ. ಪ್ರತಿ ಹೊಡೆತಕ್ಕೂ ರಬ್ಬರ್ ಅಮುಕಿ ಮತ್ತೆ ಅರಳುವಾಗ ಸ್ವಲ್ಪ ಶಕ್ತಿ ಶಾಖವಾಗಿ ಅದರೊಳಗೇ ಉಳಿಯುತ್ತದೆ. ಒಳಗಿನ ಗಾಳಿಯ ಒತ್ತಡ ಏರುತ್ತದೆ, ರಬ್ಬರ್ ಮೆದುವಾಗುತ್ತದೆ, ಆಗ ಪುಟಿಯತೊಡಗುತ್ತದೆ. ನಾವು ಇದನ್ನು ಹಿಸ್ಟರಿಸಿಸ್ ಎಂದು ಓದಿದ್ದೇವೆ, ಐದು ಮಾರ್ಕಿಗೆ ಗ್ರಾಫ್ ಬರೆದಿದ್ದೇವೆ. ಆ ನವೆಂಬರ್‌ನಲ್ಲಿ ನಮ್ಮ ಮನೆ ಹಾಗೇ ತಣ್ಣಗೆ ಬಿದ್ದಿತ್ತು. ಒಂದು ತಿಂಗಳು ದಿನಾ ಹೊಡೆದ ಮೇಲೆ ಸ್ವಲ್ಪ ಪುಟಿಯಿತು.

ಇನ್ನೊಂದು ಪದವನ್ನು ನಾನು ಈ ಆಟದಿಂದ ಕಲಿತೆ: ಘೋಸ್ಟಿಂಗ್. ನಮ್ಮ ವಯಸ್ಸಿನವರಿಗೆ ಘೋಸ್ಟಿಂಗ್ ಎಂದರೆ ಮೆಸೇಜಿಗೆ ಉತ್ತರ ಕೊಡದೆ ಮಾಯವಾಗುವುದು. ಸ್ಕ್ವಾಷ್‌ನಲ್ಲಿ ಅದೊಂದು ಅಭ್ಯಾಸ. ಚೆಂಡಿಲ್ಲ, ಎದುರಾಳಿಯಿಲ್ಲ. ಕೋರ್ಟಿನ ನಡುವೆ ನಿಂತು, ಮೂಲೆಯಿಂದ ಮೂಲೆಗೆ ಓಡಿ, ಇಲ್ಲದ ಚೆಂಡನ್ನು ಹೊಡೆದು ಮತ್ತೆ ನಡುವಿಗೆ ಬರುವುದು. ಎದುರಿಗೆ ಯಾರೋ ಇದ್ದಾರೆ ಎಂದುಕೊಂಡು ಆಡಬೇಕು. ಅಮ್ಮ ಇಲ್ಲದ ಮನೆಯ ಕಥೆಯಲ್ಲಿ ಈ ಅಭ್ಯಾಸ ಬಂದಾಗ ಅದಕ್ಕೆ ವಿವರಣೆ ಬೇಕಾಗುವುದಿಲ್ಲ. ಅಮ್ಮ ಹೋದ ಮೇಲೂ ಎಷ್ಟೋ ದಿನ ನಾನು ಕಾಲೇಜಿನಿಂದ ಬಂದು ಬ್ಯಾಗ್ ಇಳಿಸುತ್ತ ‘ಅಮ್ಮಾ’ ಎಂದು ಅರ್ಧ ಕೂಗಿ ನಿಲ್ಲಿಸುತ್ತಿದ್ದೆ. ಅದೂ ಒಂದು ಬಗೆಯ ಘೋಸ್ಟಿಂಗೇ.

ಹೋದವರ ಅರ್ಧಕ್ಕೆ ನಿಂತ ಆಟ

‘ವೆಸ್ಟರ್ನ್ ಲೇನ್’ ಓದಿದ ಮೇಲೆ, ನಾನು ಮೊದಲೇ ನೋಡಿದ್ದ, ಓದಿದ್ದ ಎರಡು ಕಥೆಗಳು ಬೇರೆಯಾಗಿ ಕಂಡವು.

ಒಂದು ಜಪಾನಿನ ಮಾಂಗಾ, ಮಿತ್ಸುರು ಅದಾಚಿಯ ‘ಟಚ್’. 1981ರಿಂದ 1986ರವರೆಗೆ ಧಾರಾವಾಹಿಯಾಗಿ ಬಂದಿದ್ದು. ಕಝುಯಾ, ತತ್ಸುಯಾ ಎಂಬ ಅವಳಿ ಸೋದರರು. ಕಝುಯಾ ಶಿಸ್ತಿನ ಹುಡುಗ, ಶಾಲೆಯ ಬೇಸ್‌ಬಾಲ್ ತಂಡದ ಬೌಲರ್ ಇದ್ದ ಹಾಗೆ, ಎಲ್ಲರ ಕಣ್ಮಣಿ. ತತ್ಸುಯಾ ಸೋಮಾರಿ. ಪಕ್ಕದ ಮನೆಯ ಮಿನಾಮಿಗೆ ತಮ್ಮ ಶಾಲೆ ಕೋಶಿಯೆನ್ ಎಂಬ ರಾಷ್ಟ್ರಮಟ್ಟದ ಶಾಲಾ ಪಂದ್ಯಾವಳಿಗೆ ಹೋಗಬೇಕೆಂಬ ಕನಸು. ಅರ್ಹತಾ ಸುತ್ತಿನ ಫೈನಲ್‌ಗೆ ಹೊರಟ ಬೆಳಿಗ್ಗೆ, ಮಗುವೊಂದನ್ನು ಲಾರಿಯಿಂದ ಉಳಿಸಲು ಹೋಗಿ ಕಝುಯಾ ಸಾಯುತ್ತಾನೆ. ಮುಂದೆ ತತ್ಸುಯಾ ಚೆಂಡು ಕೈಗೆತ್ತಿಕೊಳ್ಳುತ್ತಾನೆ. ಅವನು ಎಷ್ಟು ಚೆನ್ನಾಗಿ ಎಸೆದರೂ ನೋಡುವವರಿಗೆ ಕಾಣುವುದು ಅದೇ ಮುಖದ ಇನ್ನೊಬ್ಬ. ತಾನು ಆಡುತ್ತಿರುವುದು ತನಗಾಗಿಯೋ, ಹೋದವನಿಗಾಗಿಯೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಉಳಿದ ಕಥೆ.

ಇನ್ನೊಂದು ‘ಫೀಲ್ಡ್ ಆಫ್ ಡ್ರೀಮ್ಸ್’ ಎಂಬ 1989ರ ಅಮೆರಿಕನ್ ಚಿತ್ರ. ಡಬ್ಲ್ಯು.ಪಿ. ಕಿನ್ಸೆಲ್ಲಾ 1982ರಲ್ಲಿ ಬರೆದ ‘ಶೂಲೆಸ್ ಜೋ’ ಕಾದಂಬರಿ ಇದಕ್ಕೆ ಮೂಲ. ಅಯೋವಾದ ರೈತನೊಬ್ಬ ಬೆಳೆದು ನಿಂತ ಜೋಳದ ಹೊಲ ಕಡಿದು ಬೇಸ್‌ಬಾಲ್ ಮೈದಾನ ಮಾಡುತ್ತಾನೆ. ಊರವರು ತಲೆ ಕೆಟ್ಟಿದೆ ಎನ್ನುತ್ತಾರೆ. ಹದಿಹರೆಯದಲ್ಲಿ ಅಪ್ಪನ ಜತೆ ಚೆಂಡಾಡಲು ಒಲ್ಲೆ ಎಂದವನು, ಜಗಳವಾಡಿ ಮನೆ ಬಿಟ್ಟವನು, ರಾಜಿಯಾಗುವ ಮುಂಚೆಯೇ ಅಪ್ಪನನ್ನು ಕಳೆದುಕೊಂಡವನು ಅವನು. ಸಿನಿಮಾದ ಕೊನೆಯಲ್ಲಿ ಯಾರೂ ಸಿಕ್ಸರ್ ಹೊಡೆಯುವುದಿಲ್ಲ, ಕಪ್ ಎತ್ತುವುದಿಲ್ಲ. ಅಪ್ಪ ಮಗ ಚೆಂಡು ಎಸೆಯುತ್ತಾರೆ, ಹಿಡಿಯುತ್ತಾರೆ. ಅಷ್ಟೇ. ನಮ್ಮ ಹಾಸ್ಟೆಲ್ಲಿನ ಟಿವಿ ರೂಮಿನಲ್ಲಿ ಅದನ್ನು ನೋಡಿದ ದಿನ ಯಾರೂ ಲೈಟ್ ಹಾಕಲು ಎದ್ದಿರಲಿಲ್ಲ.

ಈ ಮೂರೂ ಕಥೆಗಳಲ್ಲಿ ಆಟ ಔಷಧಿಯ ಕೆಲಸ ಮಾಡುವುದಿಲ್ಲ. ಗೆದ್ದರೆ ಯಾರೂ ವಾಪಸ್ ಬರುವುದಿಲ್ಲ ಎಂದು ಆಡುವವರಿಗೆ ಚೆನ್ನಾಗಿ ಗೊತ್ತಿದೆ. ಆದರೂ ಆಟಕ್ಕೆ ಗೆರೆ ಇದೆ, ಹೊತ್ತು ಇದೆ, ನಿಯಮ ಇದೆ. ದುಃಖಕ್ಕೆ ಇವು ಯಾವುದೂ ಇಲ್ಲ. ಅದು ಬೆಳಿಗ್ಗೆ ಬ್ರಶ್ ಮಾಡುವಾಗಲೂ ಬರುತ್ತದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗಲೂ ಬರುತ್ತದೆ. ಗೆರೆಯೊಳಗೆ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಕಾಯುವುದು ಅನಿವಾರ್ಯ. ಯಾಕೆಂದರೆ ಮುಂದಿನ ಚೆಂಡು ಬರುತ್ತಿದೆ.

ಸುದ್ದಿ ಕಾಣುವುದು ಮೈದಾನ, ಕಥೆ ಕಾಣುವುದು ಮನೆ

ನಿಜ ಜೀವನದಲ್ಲೂ ಇಂಥ ಉದಾಹರಣೆಗಳಿಗೆ ಬರವಿಲ್ಲ. 1999ರ ವಿಶ್ವಕಪ್ ನಡುವೆ ತಂದೆ ತೀರಿಕೊಂಡು ಮುಂಬೈಗೆ ಬಂದಿದ್ದ ಸಚಿನ್ ತೆಂಡೂಲ್ಕರ್, ಮತ್ತೆ ಇಂಗ್ಲೆಂಡಿಗೆ ಹೋಗಿ ಬ್ರಿಸ್ಟಲ್‌ನಲ್ಲಿ ಕೀನ್ಯಾ ವಿರುದ್ಧ ಔಟಾಗದೆ 140 ಹೊಡೆದು ಆಕಾಶ ನೋಡಿದ್ದು ನಮ್ಮ ಅಪ್ಪಂದಿರ ತಲೆಮಾರಿಗೆ ಕಣ್ಣಿಗೆ ಕಟ್ಟಿದಂತಿದೆ. ಆಗ ಇನ್ನೊಂದು ತುದಿಯಲ್ಲಿ ಔಟಾಗದೆ 104 ಹೊಡೆದು ನಿಂತಿದ್ದವರು ನಮ್ಮ ರಾಹುಲ್ ದ್ರಾವಿಡ್. 2006ರ ಡಿಸೆಂಬರ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ರಣಜಿ ಪಂದ್ಯ ನಡೆಯುತ್ತಿದ್ದಾಗ ರಾತ್ರೋರಾತ್ರಿ ತಂದೆಯನ್ನು ಕಳೆದುಕೊಂಡ ಹದಿನೆಂಟರ ವಿರಾಟ್ ಕೊಹ್ಲಿ, ಬೆಳಿಗ್ಗೆ ಬಂದು ಬ್ಯಾಟ್ ಹಿಡಿದು 90 ರನ್ ಗಳಿಸಿ ಆಮೇಲೆ ಅಂತ್ಯಕ್ರಿಯೆಗೆ ಹೋದ. ಎದುರಾಳಿ ತಂಡ ಕರ್ನಾಟಕ.

‘ವೆಸ್ಟರ್ನ್ ಲೇನ್’ನ ಅಪ್ಪ ಮಗಳಿಗೆ ಆರಾಧ್ಯನಾದ ಪಾಕಿಸ್ತಾನದ ಜಹಾಂಗೀರ್ ಖಾನ್‌ನದೂ ಇದೇ ಕಥೆ. 1979ರಲ್ಲಿ ಅವನಿಗೆ ಹದಿನೈದು ವರ್ಷ. ಅಣ್ಣ ತೊರ್ಸಮ್ ಖಾನ್ ಕೂಡ ಸ್ಕ್ವಾಷ್ ಆಟಗಾರ. ಆಸ್ಟ್ರೇಲಿಯಾದಲ್ಲಿ ಪಂದ್ಯ ಆಡುತ್ತಿರುವಾಗಲೇ ಹೃದಯಾಘಾತವಾಗಿ ಅಣ್ಣ ತೀರಿಕೊಂಡ. ಜಹಾಂಗೀರ್ ಆಟವನ್ನೇ ಬಿಡಬೇಕೆಂದುಕೊಂಡು, ಕೊನೆಗೆ ಅಣ್ಣನಿಗಾಗಿ ಆಡಲು ನಿರ್ಧರಿಸಿದ. ಎರಡೇ ವರ್ಷದಲ್ಲಿ, 1981ರಲ್ಲಿ, ಹದಿನೇಳನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ಸೋಲಿಸಿದವರಿಲ್ಲ. 1986ರಲ್ಲಿ ರಾಸ್ ನಾರ್ಮನ್ ಸೋಲಿಸುವವರೆಗೆ ಸತತ 555 ಪಂದ್ಯ ಎಂಬ ಲೆಕ್ಕ ಸ್ಕ್ವಾಷ್ ಪ್ರಪಂಚದಲ್ಲಿ ಪ್ರಸಿದ್ಧ.

ಆದರೆ ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಪೈಕಿ ರಹಮತ್ ಖಾನ್. ಅವನೂ ಆಟಗಾರನೇ. ತೊರ್ಸಮ್ ಹೋದ ಮೇಲೆ ತನ್ನ ಆಟ ಬಿಟ್ಟು ಜಹಾಂಗೀರ್‌ನ ತರಬೇತಿಗೆ ನಿಂತ. 555 ಎಂಬ ಅಂಕಿ ಎಲ್ಲರಿಗೂ ನೆನಪಿದೆ, ರಹಮತ್‌ನ ಹೆಸರು ಹುಡುಕಿದರೆ ಸಿಗುತ್ತದೆ.

ಇಲ್ಲೇ ಸುದ್ದಿಗೂ ಕಥೆಗೂ ವ್ಯತ್ಯಾಸ. ಸುದ್ದಿಯ ಕ್ಯಾಮೆರಾ ಮೈದಾನದಲ್ಲಿರುತ್ತದೆ. ದುಃಖದಲ್ಲೂ ಆಡಿದ, ಶತಕ ಹೊಡೆದ, ಗೆದ್ದ. ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ, ತಟ್ಟಬೇಕು ಕೂಡ. ಆದರೆ ಅದೇ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರಿದ್ದರು, ಬಂದವರಿಗೆ ಕಾಫಿ ಕೊಟ್ಟವರು ಯಾರು, ಆಸ್ಪತ್ರೆಯ ಬಿಲ್ ಲೆಕ್ಕ ಹಾಕಿದವರು ಯಾರು ಎಂಬುದು ಸ್ಕೋರ್ ಬೋರ್ಡಿನಲ್ಲಿ ಬರುವುದಿಲ್ಲ. ಕಾದಂಬರಿಗೆ ಅವಸರವಿಲ್ಲ, ಅದು ಆಟ ಮುಗಿದ ಮೇಲೆ ಆಟಗಾರರ ಹಿಂದೆಯೇ ಮನೆಗೆ ಬರುತ್ತದೆ. ‘ಫೀಲ್ಡ್ ಆಫ್ ಡ್ರೀಮ್ಸ್’ನಲ್ಲೂ ಗಂಡ ಹೊಲ ಕಡಿದು ಕನಸು ಕಾಣುವಾಗ ಸಾಲದ ಲೆಕ್ಕವನ್ನು ನೆನಪಿಟ್ಟುಕೊಂಡವಳು, ಆದರೂ ಅವನ ಪರ ನಿಂತವಳು ಹೆಂಡತಿ.

ಮುದ್ದೆಯ ಹೊತ್ತು

‘ವೆಸ್ಟರ್ನ್ ಲೇನ್’ನಲ್ಲಿ ಹಾಗೆ ಮನೆಯಲ್ಲಿ ಉಳಿಯುವವಳು ಮೋನಾ. ಅವಳಿಗೆ ಹದಿನೈದೇ ವರ್ಷ. ಗೋಪಿ ಮತ್ತು ಅಪ್ಪ ಕೋರ್ಟಿನಲ್ಲಿ ಮೌನವಾಗಿ ಒಂದಾಗುತ್ತಿರುವಾಗ ಮನೆಯ ಭಾರ ಮೋನಾಳ ಮೇಲೆ ಇಳಿಯುತ್ತದೆ. ಅಪ್ಪನ ಮೇಲೆ ಸಿಟ್ಟಾಗುವವಳು ಅವಳೇ. ಇನ್ನೊಂದು ಕಡೆ, ಮಕ್ಕಳಿಲ್ಲದ ನೆಂಟರು ಮೂವರಲ್ಲಿ ಒಬ್ಬಳನ್ನು ತಮಗೆ ಕೊಡಿ, ಎಡಿನ್‌ಬರೋದಲ್ಲಿ ಸಾಕುತ್ತೇವೆ ಎಂದು ಕೇಳುತ್ತಾರೆ. ಆಟ ಇದ್ಯಾವುದನ್ನೂ ಬಗೆಹರಿಸುವುದಿಲ್ಲ. ಅಪ್ಪನಿಗೆ ಕೆಲವೊಮ್ಮೆ ಅದು ಬಚ್ಚಿಟ್ಟುಕೊಳ್ಳುವ ಜಾಗವೂ ಆಗುತ್ತದೆ. ಕೊನೆಯಲ್ಲಿ ಟೂರ್ನಿ ಇದೆ. ಯಾರು ಗೆದ್ದರು ಎಂದು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ನನಗಂತೂ ಪುಸ್ತಕ ಮುಚ್ಚುವಾಗ ತಲೆಯಲ್ಲಿದ್ದದ್ದು ಗೋಪಿಯಲ್ಲ, ಮೋನಾ.

ಯಾಕೆಂದರೆ ನನ್ನ ಚಪ್ಪಾಳೆಯ ಕಥೆಯಲ್ಲಿ ಬಿಟ್ಟುಹೋಗಿದ್ದ ಪಾತ್ರ ನಮ್ಮ ಅಕ್ಕ. ಅಮ್ಮ ಹೋದಾಗ ಅವಳು ಬಿ.ಕಾಂ. ಮುಗಿಸಿ, ಸಿಎ ಕೋಚಿಂಗ್‌ಗೆಂದು ಬೆಂಗಳೂರಿನ ಪಿಜಿಯಲ್ಲಿದ್ದಳು. ತಿಥಿಗೆ ಬಂದವಳು ವಾಪಸ್ ಹೋಗಲಿಲ್ಲ. ಯಾರೂ ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪಿಜಿಯಿಂದ ಅವಳ ಪುಸ್ತಕಗಳು ಎರಡು ರಟ್ಟಿನ ಡಬ್ಬಿಯಲ್ಲಿ ಬಂದವು. ಇಡಲು ಜಾಗವಿರಲಿಲ್ಲ, ಅಟ್ಟದ ಮೇಲೆ ಹೋದವು. ಅಪ್ಪನ ಬ್ಯಾಟು ಇಳಿದ ಜಾಗಕ್ಕೇ.

ಮಾರನೇ ಸಂಜೆ ಫೋನ್ ಮಾಡಿದೆ.

‘ಏನೋ, ದುಡ್ಡು ಬೇಕಿತ್ತಾ?’ ಎಂದಳು.

‘ಇಲ್ಲ. ಅಕ್ಕಾ, ನಾನು ಅಪ್ಪ ಶಟಲ್‌ಗೆ ಹೋಗ್ತಿದ್ವಲ್ಲ, ಆವಾಗ ನೀನೇನ್ ಮಾಡ್ತಿದ್ದೆ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಮುದ್ದೆ ಮಾಡ್ತಿದ್ದೆ’ ಎಂದಳು. ‘ಎಂಟೂವರೆಗೆ ನೀವು ಬರೋ ಹೊತ್ತಿಗೆ ಬಿಸಿ ಇರ್ಬೇಕಲ್ಲ. ಎಂಟು ಗಂಟೆಗೆ ಎಸರಿಡ್ತಿದ್ದೆ.’

‘ಅದಕ್ಕೆ ಮುಂಚೆ?’

‘ಅದಕ್ಕೆ ಮುಂಚೆ ಬೀರು ತೆಗೆದು ಅಮ್ಮನ ಸೀರೆ ಇಟ್ಕೊಂಡು ಅಳ್ತಿದ್ದೆ. ನೀವಿದ್ದಾಗ ಆಗ್ತಿರ್ಲಿಲ್ಲ. ಒಂದೊಂದ್ಸಲ ನೀವು ಯಾವಾಗ ಹೋಗ್ತೀರೋ ಅಂತಾನೇ ಕಾಯ್ತಿದ್ದೆ ಕಣೋ.’

ನಾನು ತಯಾರಿ ಮಾಡಿಕೊಂಡಿದ್ದುದು ಕ್ಷಮೆ ಕೇಳುವುದಕ್ಕೆ. ಈ ಉತ್ತರಕ್ಕೆ ತಯಾರಿರಲಿಲ್ಲ. ನಮ್ಮ ಒಂದೂವರೆ ಗಂಟೆಯ ಆಟ ಅವಳಿಗೆ ಒಂದು ಗಂಟೆಯ ಖಾಲಿ ಮನೆಯನ್ನೂ ಕೊಟ್ಟಿತ್ತು. ಅದು ಅವಳಿಗೆ ಬೇಕಾಗಿತ್ತು. ಸಮಾಧಾನವಾಯಿತು ಎಂದುಕೊಳ್ಳುವಷ್ಟರಲ್ಲಿ ಅವಳೇ ಹೇಳಿದಳು:

‘ಆದ್ರೂ ಒಂದ್ಸಲನಾದ್ರೂ ಬರ್ತೀಯಾ ಅಂತ ಕೇಳ್ಬಹುದಿತ್ತು. ಬರ್ತಿರ್ಲಿಲ್ಲ ನಾನು. ಕೇಳ್ಬಹುದಿತ್ತು.’

ಸಂಕ್ರಾಂತಿಗೆ ಊರಿಗೆ ಹೋದೆ. ಅಕ್ಕ ಎಳ್ಳು ಬೀರಿ ಬಂದ ಮೇಲೆ ನನ್ನ ಬ್ಯಾಟನ್ನು ಅವಳ ಕೈಗೆ ಕೊಟ್ಟು, ‘ಇವತ್ತು ಅಡುಗೆ ನಂದು, ನೀನು ಅಪ್ಪ ಹೋಗಿ’ ಎಂದೆ. ‘ನಂಗೆ ಸರ್ವ್ ಮಾಡೋಕೂ ಬರಲ್ಲ’ ಎಂದಳು. ಅಪ್ಪ ಹೊಸ್ತಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದರು. ಈ ಸಲ ತಲೆ ಎತ್ತಿ ನೋಡಿಯೇ ಕೇಳಿದರು: ‘ಬರ್ತೀಯೇನಮ್ಮ?’ ಅವಳು ಚಪ್ಪಲಿ ಬಿಟ್ಟು ನನ್ನ ಶೂ ಹಾಕಿಕೊಂಡಳು. ಎರಡು ಸೈಜ್ ದೊಡ್ಡದು.

ನಾನು ಎಸರಿಟ್ಟು ಅಡುಗೆಮನೆಯ ಕಿಟಕಿ ಹತ್ತಿರ ನಿಂತೆ. ಅಲ್ಲಿಂದ ಸೈಟಿನ ಬಲ್ಬು ಮಾತ್ರ ಕಾಣುತ್ತದೆ, ಆಡುವವರು ಕಾಣುವುದಿಲ್ಲ. ಸದ್ದು ಕೇಳುತ್ತದೆ. ಗೋಪಿಯ ಕಥೆ ಶುರುವಾಗುವುದೂ ಹಾಗೆಯೇ. ಕೋರ್ಟಿನಲ್ಲಿ ನಿಂತು ಅವಳು ಪಕ್ಕದ ಕೋರ್ಟಿನ ಸದ್ದಿಗೆ ಕಿವಿ ಕೊಟ್ಟಿರುತ್ತಾಳೆ. ಟಕ್. ತುಂಬಾ ಹೊತ್ತು ಏನಿಲ್ಲ. ಅಕ್ಕ ಕಾಕ್ ಹೆಕ್ಕುತ್ತಿರಬೇಕು. ಮತ್ತೆ ಟಕ್, ಟಕ್. ಮತ್ತೆ ಏನಿಲ್ಲ. ಆಮೇಲಿನ ಒಂದು ಖಾಲಿ ಹೊತ್ತು ಕಾಕ್ ಹೆಕ್ಕುವುದಕ್ಕಿಂತ ಉದ್ದವಾಗಿತ್ತು. ಮಾತಾಡುತ್ತಿದ್ದರೋ, ಸುಮ್ಮನೆ ನಿಂತಿದ್ದರೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಮೂರು ವರ್ಷದ ಹಿಂದೆ, ಆ ಚಳಿಗಾಲದ ಪ್ರತಿ ಸಂಜೆ, ಅಕ್ಕ ಇದೇ ಕಿಟಕಿಯಲ್ಲಿ ನಮ್ಮ ಸದ್ದನ್ನು ಹೀಗೆ ಕೇಳಿಸಿಕೊಂಡಿರಬೇಕು.

ಎಂಟೂವರೆಗೆ ಬಂದರು. ಅಕ್ಕನ ಹಣೆಯಲ್ಲಿ ಬೆವರು, ಮೊಣಕೈಯಲ್ಲಿ ಮಣ್ಣು. ಅಪ್ಪ ಮುದ್ದೆ ಮುರಿದು ಒಂದು ತುತ್ತು ನುಂಗಿ, ಕೋರ್ಟಿನಲ್ಲಿ ‘ಕಾಲು’ ಎನ್ನುವ ಅದೇ ದನಿಯಲ್ಲಿ ‘ಗಂಟು’ ಎಂದರು. ಅಕ್ಕ ನಕ್ಕಳು. ನಾನು ಪಾತ್ರೆ ತೊಳೆದೆ.

ಅವಳ ಸಿಎ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಮರುದಿನ ಹಾಸ್ಟೆಲ್‌ಗೆ ಹೊರಡುವ ಮುಂಚೆ ಏಣಿ ತಂದು ಅಟ್ಟಕ್ಕೆ ಒರಗಿಸಿಟ್ಟು ಬಂದಿದ್ದೇನೆ. ‘ಇಳಿಸಲಾ?’ ಎಂದು ಕೇಳಿದ್ದೆ. ‘ನೋಡೋಣ’ ಎಂದಳು. ಮೊನ್ನೆ ಫೋನ್ ಮಾಡಿದಾಗ ಅಪ್ಪ ಹೇಳಿದರು, ಏಣಿಯನ್ನು ಅವಳು ಇನ್ನೂ ಅಲ್ಲಿಂದ ತೆಗೆಸಿಲ್ಲವಂತೆ.